ಲಮೀಸಳ ಓವನ್ ಮತ್ತು ಇಬ್ಬರು ಬೀಗರು

ನಮ್ಮ ಬೀದಿಯಲ್ಲಿ ಗಂಡು ನೋಡುವವರು ಈಗ ಹುಡುಗನಿಗೆ ಏನು ಕೆಲಸ, ಏನು ಚಟ ಎಂದೆಲ್ಲ ವಿಚಾರಿಸುವುದಿಲ್ಲ. ಮನೆಗೆ ಎಷ್ಟು ಆಂಪಿಯರ್ ಕರೆಂಟು ಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಐದು ಎಂದರೆ ಮೂಗು ಮುರಿಯುತ್ತಾರೆ. ಹತ್ತು ಎಂದರೆ ಕಾಫಿಗೆ ಕೂರುತ್ತಾರೆ. ತಾರಸಿಯ ಮೇಲೆ ಸೋಲಾರ್ ಕೂಡ ಇದೆ ಎಂದರೆ ಹುಡುಗಿಯನ್ನು ಒಳಗಿನಿಂದ ಕರೆಯುತ್ತಾರೆ. ನನ್ನ ಕಾಲದಲ್ಲಿ ಹುಡುಗನ ಹಲ್ಲು ನೋಡುತ್ತಿದ್ದರು. ನನ್ನ ಗಂಡನ ಹಲ್ಲು ಬಹಳ ಚೆನ್ನಾಗಿತ್ತು, ಉಳಿದ ವಿಷಯ ಈಗ ಬೇಡ.

ನಾನು ಸಮೀಹಾ. ಮೀನಾ ಬಂದರಿನ ಹಿಂದಿನ ಬೀದಿಯಲ್ಲಿ ಹೆಂಗಸರ ಸಲೂನು ಇಟ್ಟುಕೊಂಡಿದ್ದೇನೆ. ಸಲೂನು ಎಂದರೆ ಕತ್ತರಿ ಬಾಚಣಿಗೆ ಎಂದುಕೊಳ್ಳಬೇಡಿ, ಸಲೂನು ಎಂದರೆ ಕರೆಂಟು. ಕೂದಲು ಒಣಗಿಸುವ ಯಂತ್ರಕ್ಕೆ ಕರೆಂಟು ಬೇಕು, ನೀರು ಕಾಯಲು ಕರೆಂಟು ಬೇಕು. ಸರ್ಕಾರದ ಕರೆಂಟು ದಿನಕ್ಕೊಂದು ಗಂಟೆಯೋ ಎರಡು ಗಂಟೆಯೋ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆಂದು ಅದಕ್ಕೇ ಗೊತ್ತಿಲ್ಲ. ಹಾಗಾಗಿ ನಮ್ಮ ಬೀದಿ ಇಬ್ಬರು ಗಂಡಸರ ಕೃಪೆಯಲ್ಲಿ ಬದುಕುತ್ತಿದೆ, ಇಬ್ಬರೂ ನಮ್ಮನ್ನು ಹುಟ್ಟಿಸಿದ್ದೇ ತಾವು ಎಂಬಂತೆ ಓಡಾಡುತ್ತಾರೆ.

ಒಬ್ಬ ಅಬು ಹೈಸಮ್. ಮೂಲೆಯ ಖಾಲಿ ಜಾಗದಲ್ಲಿ, ಹಿಂದೆ ನಿಂಬೆ ಮರವಿದ್ದಲ್ಲಿ, ಲಾರಿಯಷ್ಟು ದೊಡ್ಡ ಜನರೇಟರ್ ಕೂರಿಸಿದ್ದಾನೆ. ಅದರ ತಂತಿಗಳು ಬಾಲ್ಕನಿಯಿಂದ ಬಾಲ್ಕನಿಗೆ ಹಾದು ಎಲ್ಲರ ಮನೆ ಹೊಗುತ್ತವೆ, ಅದರ ಹೊಗೆ ತಂತಿ ಇಲ್ಲದೆಯೂ ಎಲ್ಲರ ಮನೆ ಹೊಗುತ್ತದೆ. ನನ್ನ ಸಲೂನಿನ ಬಿಳಿ ಟವೆಲುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಈಗ ನಾನು ಬೂದಿ ಬಣ್ಣದವನ್ನೇ ಕೊಳ್ಳುತ್ತೇನೆ. ಇಡೀ ಬೀದಿಗೆ ಬೆಳಕು ಮಾರುವ ಈ ಮಹಾನುಭಾವ ತನ್ನ ಸ್ವಂತ ಮನೆಗೆ ಇಟ್ಟುಕೊಂಡಿರುವುದು ಐದೇ ಆಂಪಿಯರ್. ಮನೆಯಲ್ಲಿ ಉರಿಯುವ ಪ್ರತಿ ಆಂಪಿಯರೂ ಮಾರದೇ ಉಳಿದ ಆಂಪಿಯರ್ ಎಂಬುದು ಅವನ ಲೆಕ್ಕಾಚಾರ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇನ್ನೊಬ್ಬ ಹಾಜಿ ಫವ್ವಾಜ್. ಐದಾರು ವರ್ಷದ ಹಿಂದಿನವರೆಗೆ ಅವನದು ಪರದೆ ಅಂಗಡಿ. ಬಿಸಿಲು ಒಳಗೆ ಬಾರದಂತೆ ಬಟ್ಟೆ ಮಾರುತ್ತಿದ್ದವನು ಈಗ ಅದೇ ಬಿಸಿಲನ್ನು ಮಾರುತ್ತಾನೆ. ಸೋಲಾರ್ ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್ ಎಂದು ಅಂಗಡಿ ತುಂಬ ಪೆಟ್ಟಿಗೆಗಳು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಅಜ್ಜಿಯ ಹಾಗೆ, ಸೂರ್ಯ ಹುಟ್ಟುವುದಕ್ಕೂ ತನ್ನ ಅಪ್ಪಣೆ ಬೇಕು ಎಂಬ ಠೀವಿ ಅವನಿಗೆ. ಈ ಇಬ್ಬರೂ ಹಾವು ಮುಂಗುಸಿಯಂತಿದ್ದರು, ಬೀದಿಯ ಜನಕ್ಕೆ ಅದೇ ಮನರಂಜನೆ.

ಹೀಗಿರುವಾಗ ಅಬು ಹೈಸಮನ ಮಗಳು ಲಮೀಸ್, ಹಾಜಿ ಫವ್ವಾಜನ ಮಗ ನಿಜಾರನನ್ನು ಮೆಚ್ಚಿಕೊಂಡುಬಿಟ್ಟಳು.

ಲಮೀಸಳನ್ನು ನಾನು ಜಡೆ ಹಾಕಿಸಿಕೊಳ್ಳುವ ವಯಸ್ಸಿನಿಂದ ಬಲ್ಲೆ. ಅವಳಿಗೆ ಒಡವೆಯ ಹುಚ್ಚಿಲ್ಲ, ಬಟ್ಟೆಯ ಹುಚ್ಚಿಲ್ಲ, ಅವಳಿಗಿದ್ದದ್ದು ಕೇಕಿನ ಹುಚ್ಚು. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಒಂದು ದೊಡ್ಡ ಎಲೆಕ್ಟ್ರಿಕ್ ಓವನ್ ತಂದಿದ್ದಳು. ಕೇಕು ಮಾಡಿ ಮಾರಬೇಕು, ತನ್ನದೇ ಹೆಸರಿನ ಪೆಟ್ಟಿಗೆಯಲ್ಲಿ ಕಳಿಸಬೇಕು, ಇದೇ ಅವಳ ಆಸೆ. ಓವನ್ ಹಚ್ಚಿದ ಕೂಡಲೇ ಐದು ಆಂಪಿಯರಿನ ಮನೆಯಲ್ಲಿ ಟಪ್ಪೆಂದು ಎಲ್ಲವೂ ಆರಿಹೋಗುತ್ತಿತ್ತು. ಅಮ್ಮನ ಗ್ಯಾಸಿನ ಒಲೆಯಲ್ಲಿ ಮಾಡಿದರೆ ತಳ ಸೀದು ತಲೆ ಹಸಿ. ಬೀದಿಯ ರೊಟ್ಟಿ ಭಟ್ಟಿಗೆ ಕಳಿಸಿದರೆ ಕೇಕಿಗೆ ಈರುಳ್ಳಿ, ಮಾಂಸದ ವಾಸನೆ ಹತ್ತಿ ಬರುತ್ತಿತ್ತು. ಕೊನೆಗೆ ಅವಳ ತಾಯಿ ಉಮ್ಮು ಹೈಸಮ್ ಆ ಓವನ್ನಿಗೆ ಕಸೂತಿ ಬಟ್ಟೆ ಹೊದಿಸಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು ನಡುಮನೆಯ ಅಲಂಕಾರ ಮಾಡಿಬಿಟ್ಟಳು.

ಹೋದ ಬೇಸಿಗೆಯಲ್ಲಿ ಎದುರು ಮನೆಯ ತಾರಸಿಗೆ ಪ್ಯಾನೆಲ್ ಕೂರಿಸಲು ಬಂದ ನಿಜಾರ್, ಬಟ್ಟೆ ಒಣಹಾಕುತ್ತಿದ್ದ ಲಮೀಸಳಿಗೆ, "ಬಿಸಿಲಿಗೆ ಬಿಲ್ ಇಲ್ಲ ಲಮೀಸ್. ನಮ್ಮನೆಗೆ ಬಂದ್ರೆ ಇಡೀ ದಿನ ಓವನ್ ಹಚ್ಚು, ಕೇಳೋರೇ ಇಲ್ಲ" ಎಂದನಂತೆ. ಇದನ್ನು ಅವಳು ನನ್ನ ಕುರ್ಚಿಯಲ್ಲಿ ಕೂತು ಕೆನ್ನೆ ಕೆಂಪಗೆ ಮಾಡಿಕೊಂಡು ಹೇಳಿದಳು. ನಮ್ಮ ಊರಿನಲ್ಲಿ ಈಗ ಇದಕ್ಕಿಂತ ದೊಡ್ಡ ಪ್ರೇಮದ ಮಾತು ಯಾರೂ ಆಡುವುದಿಲ್ಲ. ನನಗೂ ಖುಷಿಯಾಗಿ ಅವತ್ತು ಅವಳ ಕೂದಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮಾತುಕತೆ ಶುರುವಾಯಿತು. ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡದಿದ್ದರೂ ಅಮ್ಮಂದಿರಿಗೆ ನನ್ನ ಸಲೂನು ಇತ್ತಲ್ಲ. ಒಂದು ದಿನ ಉಮ್ಮು ಹೈಸಮ್ ತಲೆಗೆ ಬಣ್ಣ ಬಳಿಸಿಕೊಂಡು ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ನಿಜಾರನ ತಾಯಿ ನಜಾಹ್ ಕೂದಲು ಒಣಗಿಸಿಕೊಳ್ಳುತ್ತಿದ್ದಳು.

"ನನ್ನ ಮಗಳಿಗೆ ಕತ್ತಲಲ್ಲಿ ಕೂತು ಅಭ್ಯಾಸ ಇಲ್ಲ ನಜಾಹ್," ಎಂದಳು ಉಮ್ಮು ಹೈಸಮ್. "ಮೋಡ ಬಂದ್ರೆ ನೀವೇನ್ ಮಾಡ್ತೀರಾ? ಸೂರ್ಯಂಗೆ ಫೋನ್ ಮಾಡ್ತೀರಾ?"

"ನಮ್ಮನೇಲಿ ಬ್ಯಾಟರಿ ಇದೆ ಉಮ್ಮು ಹೈಸಮ್. ನಿಮ್ಮನೇಲಿ ಏನಿದೆ, ಹೊಗೆ. ಮೊನ್ನೆ ನಿಮ್ಮನೆ ಕಾಫಿ ಕುಡಿದ್ನಲ್ಲ, ಏಲಕ್ಕಿ ಹಾಕಿದ್ರೋ ಡೀಸೆಲ್ ಹಾಕಿದ್ರೋ ಗೊತ್ತಾಗ್ಲಿಲ್ಲ."

"ಅದು ಡೀಸೆಲ್ ವಾಸನೆ ಅಲ್ಲ ಕಣ್ರೀ, ದುಡ್ಡಿನ ವಾಸನೆ. ಅಭ್ಯಾಸ ಇಲ್ದೋರಿಗೆ ಕೆಮ್ಮು ಬರುತ್ತೆ."

"ನಮ್ಮ ದುಡ್ಡಿಗೆ ವಾಸನೇನೂ ಇಲ್ಲ, ಸದ್ದೂ ಇಲ್ಲ."

"ಹೌದಪ್ಪ, ಗಿರಾಕಿ ಜೇಬಿಂದ ಸದ್ದೇ ಇಲ್ದೆ ಎತ್ತಿದ್ದಲ್ವಾ, ಎಲ್ಲಿಂದ ಬರುತ್ತೆ ಸದ್ದು?"

ಅಷ್ಟರಲ್ಲಿ ಟಪ್ ಎಂದಿತು. ಯಂತ್ರ ನಿಂತಿತು, ದೀಪ ಹೋಯಿತು. ನೀರು ಕಾಯಿಸುವುದನ್ನು ಆರಿಸಲು ನಾನು ಮರೆತಿದ್ದೆ. ಐದು ಆಂಪಿಯರಿಗೆ ಎರಡನ್ನೂ ಹೊರುವ ಶಕ್ತಿ ಇಲ್ಲ.

"ನೋಡಿ, ಇದೇ ನಿಮ್ಮೆಜಮಾನ್ರ ಪೌರುಷ," ಎಂದಳು ನಜಾಹ್ ಅರ್ಧ ಒದ್ದೆ ತಲೆಯಲ್ಲಿ.

"ನಿಮ್ಮ ಜಡೆ ಕತ್ತೆ ಬಾಲದಷ್ಟು ದಪ್ಪ ಇದ್ರೆ ನಮ್ಮೆಜಮಾನ್ರು ಏನ್ ಮಾಡ್ತಾರೆ?"

ಮೆಟ್ಟಿಲ ಕೆಳಗಿನ ಸ್ವಿಚ್ಚು ಎತ್ತಿ ಬರುವಷ್ಟರಲ್ಲಿ ಇಬ್ಬರೂ ಹುಡುಗಿಗೆ ಕೊಡುವ ಮಹರ್ ಎಷ್ಟು, ಬಳೆ ಎಷ್ಟು ಎಂದು ತೀರ್ಮಾನಿಸಿ, ನಗುತ್ತ ಕೂತಿದ್ದರು. ಹೆಂಗಸರ ಜಗಳ ಹಾಗೆಯೇ, ಕೆಲಸ ನಿಲ್ಲುವುದಿಲ್ಲ.

ಹೆಂಡತಿಯರು ಅಪ್ಪಂದಿರಿಬ್ಬರನ್ನೂ ಹೇಗೋ ಒಪ್ಪಿಸಿದ ಮೇಲೆ, ಮುಂದಿನ ವಾರ ಗಂಡಿನ ಮನೆ ನೋಡಲು ಹೋದೆವು. ಲಮೀಸ್ ನನ್ನನ್ನೂ ಎಳೆದುಕೊಂಡು ಹೋದಳು. ಹಾಜಿ ಫವ್ವಾಜ್ ನಮಗೆ ಕುರ್ಚಿ ತೋರಿಸುವ ಮೊದಲು ಫೋನು ತೋರಿಸಿದ. ಅದರಲ್ಲಿ ಒಂದು ಪುಟ್ಟ ಸೂರ್ಯ, ಒಂದು ಪುಟ್ಟ ಬ್ಯಾಟರಿ, ಒಂದು ಪುಟ್ಟ ಮನೆ, ನಡುವೆ ಓಡುವ ಹಸಿರು ಚುಕ್ಕೆಗಳು.

"ನೋಡಿ ಅಬು ಹೈಸಮ್, ಈಗ ನೀವು ಕೂತಿರೋ ಕೋಣೆ ಫ್ಯಾನು ಎಷ್ಟು ಎಳೀತಿದೆ ಅಂತ ಇದರಲ್ಲೇ ಕಾಣುತ್ತೆ. ನಿಮ್ಮ ಮೆಷಿನ್ನು ಎಷ್ಟು ಕುಡೀತು ಅಂತ ನಿಮಗೆ ಗೊತ್ತಾಗೋದು ಟ್ಯಾಂಕು ಖಾಲಿ ಆದ್ಮೇಲೆ."

"ನನ್ನ ಮೆಷಿನ್ನು ಓಡ್ತಿದೆ ಅಂತ ತಿಳ್ಕೊಳ್ಳೋಕೆ ನಂಗೆ ಫೋನ್ ಬೇಕಿಲ್ಲ ಹಾಜಿ, ಕಿವಿ ಸಾಕು," ಎಂದ ಅಬು ಹೈಸಮ್. "ಗಂಡಸಿನ ಮನೆ ಅಂದ್ಮೇಲೆ ಸದ್ದಿರಬೇಕು."

ತಾರಸಿಗೂ ಹತ್ತಿಸಿದರು. ನೀರಿನ ಟ್ಯಾಂಕಿನ ನೆರಳು ಎರಡು ಪ್ಯಾನೆಲ್‌ಗಳ ಮೇಲೆ ಬಿದ್ದಿತ್ತು, ಮಿಕ್ಕವುಗಳ ಮೇಲೆ ಪಕ್ಕದ ಮನೆಯ ಪಾರಿವಾಳಗಳು ತಮ್ಮ ಕಾಣಿಕೆ ಸಲ್ಲಿಸಿದ್ದವು. ಅಬು ಹೈಸಮನಿಗೆ ಹಬ್ಬವಾಯಿತು. "ಇಷ್ಟೆಲ್ಲ ದುಡ್ಡು ಸುರಿದು ಪಾರಿವಾಳಕ್ಕೆ ಕಕ್ಕಸು ಕಟ್ಟಿಸಿದ್ದೀರಲ್ಲ ಹಾಜಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಜಿ ಹಲ್ಲು ಕಚ್ಚಿಕೊಂಡು, "ನಿಮ್ಮ ಮಸಿ ಕೂತು ಪಾರಿವಾಳಾನೂ ಕಪ್ಪಾಗಿವೆ, ಅದಕ್ಕೇನಂತೀರಿ?" ಎಂದ. ಇಬ್ಬರದ್ದೂ ನಿಜವೇ ಆಗಿತ್ತು.

ಕೆಳಗಿಳಿದ ಮೇಲೆ ಲಮೀಸ್ ಕೈ ತೊಳೆಯಲು ಹೋಗುತ್ತ ಓಣಿಯ ದೀಪ ಹಾಕಿದಳು. ನಿಜಾರ್ ಹಿಂದೆಯೇ ಎದ್ದು ಹೋದ. ಹುಡುಗ ಒಂದು ಮಾತಾಡಲು ಹೋದನೇನೋ ಎಂದು ನಾನು ಬಾಯಿ ಮುಚ್ಚಿ ನಕ್ಕೆ. ಅವನು ಹೋಗಿದ್ದು ದೀಪ ಆರಿಸಲು. ಕತ್ತಲಲ್ಲಿ ಅವಳು ಅವನನ್ನು ಕೇಳಿದ್ದು ನನಗೆ ಕೇಳಿಸಿತು.

"ನಿಜಾರ್, ನನ್ನ ಓವನ್ ಎಲ್ಲಿಡೋಣ?"

"ಇಲ್ಲೇ, ಕಿಟಕಿ ಹತ್ರ. ಹನ್ನೊಂದರಿಂದ ಎರಡರವರೆಗೆ ಆರಾಮಾಗಿ ಹಚ್ಚಬಹುದು. ಮೋಡ ಇಲ್ದಿದ್ರೆ. ನೀರಿನ ಪಂಪು ಓಡ್ತಾ ಇಲ್ದಿದ್ರೆ. ಅಮ್ಮ ಬಟ್ಟೆ ಒಗೀತಾ ಇಲ್ದಿದ್ರೆ."

"ಚಳಿಗಾಲದಲ್ಲಿ?"

"ಚಳಿಗಾಲದಲ್ಲಿ ಕೇಕು ಯಾರು ತಿಂತಾರೆ ಲಮೀಸ್?"

ಮನೆಗೆ ಬರುವ ದಾರಿಯಲ್ಲಿ ನಾನೇ ಕೆಣಕಿದೆ. "ಯಾಕೇ, ಹುಡುಗ ಬೇಡವಾ?"

"ಒಳ್ಳೆ ಹುಡುಗ ಚಿಕ್ಕಮ್ಮ," ಎಂದಳು. "ಬಿಸಿಲಿದ್ದಾಗ ಒಳ್ಳೆಯವನು." ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿಕಾಹ್ ಕರಾರಿನಲ್ಲಿ ಒಂದು ಷರತ್ತು ಬರೆಸ್ತೀನಿ. ನನಗೆ ಬೇಕಾದ ಹೊತ್ತಲ್ಲಿ ನಾನು ನನ್ನ ಓವನ್ ಹಚ್ಚಬೇಕು, ಯಾರೂ ಬೇಡ ಅನ್ನಬಾರದು. ಬೇರೆ ಏನೂ ಬೇಡ ನಂಗೆ" ಎಂದಳು.

ಹೆಣ್ಣು ಷರತ್ತು ಹಾಕುವುದು ಹೊಸದೇನಲ್ಲ. ಓದು ನಿಲ್ಲಿಸಬಾರದು, ಎರಡನೇ ಮದುವೆ ಆಗಬಾರದು ಎಂದೆಲ್ಲ ಬರೆಸುತ್ತಾರೆ. ಓವನ್ ಮಾತ್ರ ಇದೇ ಮೊದಲು. ನಿಕಾಹ್ ಓದಿಸುವ ಶೇಖ್ ಮುನೀರ್ ಗಡ್ಡ ಸವರಿಕೊಂಡು, "ಧರ್ಮದಲ್ಲಿ ಅಡ್ಡಿ ಇಲ್ಲ. ಕರೆಂಟಲ್ಲಿ ಇದ್ಯಾ ನೋಡಿ" ಎಂದರು.

ಅಡ್ಡಿ ಇದ್ದದ್ದು ಅಲ್ಲೇ. ಅಬು ಹೈಸಮನಿಗೆ ಮಗಳ ಮೇಲೆ ಪ್ರೀತಿ ಉಕ್ಕಿ, "ನನ್ನ ಮೆಷಿನ್ನಿಂದ ದಪ್ಪ ತಂತಿ ಎಳೆದು ಹತ್ತು ಆಂಪಿಯರ್ ಮಗಳಿಗೆ ಉಡುಗೊರೆ ಕೊಡ್ತೀನಿ" ಎಂದ. ಸ್ವಂತ ಮನೆಯಲ್ಲಿದ್ದಾಗ ಕೊಡದವನು ಬೀಗರ ಮನೆಗೆ ಕೊಡಲು ಹೊರಟಿದ್ದ. ಹಾಜಿ ಫವ್ವಾಜ್ ಕುರ್ಚಿಯಿಂದ ನೆಗೆದೇಬಿಟ್ಟ.

"ಸೋಲಾರ್ ಮಾರೋನ ಮನೆಗೆ ಜನರೇಟರ್ ತಂತಿಯಾ? ಗಿರಾಕಿಗಳು ನೋಡಿದ್ರೆ ನನ್ನ ಅಂಗಡಿಗೆ ಬೀಗ ಜಡೀಬೇಕು!"

"ಮತ್ತೆ ನನ್ನ ಮಗಳು ನಿಮ್ಮ ಬಿಸಿಲಲ್ಲಿ ಕೇಕು ಸುಟ್ರೆ ನನ್ನ ಗಿರಾಕಿಗಳು ಏನಂತಾರೆ? ಮಗಳೇ ಬಿಟ್ಟೋದ್ಲು, ನಾವ್ಯಾಕೆ ಇರೋಣ ಅಂತಾರೆ!"

ನನಗೆ ತಡೆಯಲಾಗಲಿಲ್ಲ. "ಹಗಲು ಬಿಸಿಲು, ರಾತ್ರಿ ಜನರೇಟರ್. ಎರಡೂ ಇಟ್ಟುಕೊಳ್ಳಿ. ಊರಲ್ಲಿ ಬುದ್ಧಿ ಇರೋರೆಲ್ಲ ಹಾಗೇ ಮಾಡ್ತಿದ್ದಾರೆ" ಎಂದೆ.

ಇಬ್ಬರೂ ನನ್ನನ್ನು ಹೇಗೆ ನೋಡಿದರೆಂದರೆ, ನಾನು ಮದುಮಗನಿಗೆ ಒಟ್ಟಿಗೇ ಇಬ್ಬರು ಹೆಂಡಿರನ್ನು ಕಟ್ಟಲು ಹೊರಟಿದ್ದೇನೋ ಎಂಬಂತೆ. ಇಬ್ಬರೂ ಒಮ್ಮತದಿಂದ ನನ್ನ ಬಾಯಿ ಮುಚ್ಚಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವಂತೆ ಲಮೀಸ್ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದಳು. ಕೊನೆಗೆ ಶೇಖ್ ಮುನೀರ್ ಒಂದು ಸಾಲು ಹೊಸೆದರು. ಓವನ್ ಹಚ್ಚುವ ಹಕ್ಕು ವಧುವಿಗೆ ಇದೆ, ಕರೆಂಟು ಎಲ್ಲಿಂದ ಎಂಬುದನ್ನು ಬೀಗರು ಆಮೇಲೆ ಕೂತು ತೀರ್ಮಾನಿಸತಕ್ಕದ್ದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು, ಆ ದೀಪಕ್ಕೂ ಕರೆಂಟು ಯಾರದೆಂದು ಬರೆದಿರಲಿಲ್ಲ.

ಲಮೀಸ್ ಒಪ್ಪಿದಳು. "ಬರೆದಿದ್ದಾರಲ್ಲ ಚಿಕ್ಕಮ್ಮ, ಸಾಕು. ನಿಜಾರ್ ನನ್ನ ಕಡೆ ನಿಂತ್ರೆ ಯಾವ ಕರೆಂಟಾದರೇನು?" ಎಂದಳು. ಎಲ್ಲವನ್ನೂ ಅವಳು ಆ ಒಂದು ಮಾತಿನ ಮೇಲೆ ನಿಲ್ಲಿಸಿಕೊಂಡಿದ್ದಳು. ನನಗೆ ಒಳಗೊಳಗೇ ಹೆದರಿಕೆಯಾಯಿತು.

ನಿಕಾಹ್ ಜನವರಿಯಲ್ಲಿ, ಹೆಣ್ಣಿನ ಮನೆಯಲ್ಲೇ, ಸಂಜೆಗೆ. ವಾರದಿಂದ ಸಮುದ್ರದ ಮೇಲಿಂದ ಮೋಡ ಕದಲಿರಲಿಲ್ಲ. ಹಾಜಿ ಫವ್ವಾಜನ ಪ್ಯಾನೆಲ್‌ಗಳ ಮೇಲೆ ಮಳೆ ನೀರು ಮಾತ್ರ ಹೊಳೆಯುತ್ತಿತ್ತು. ಗಂಡಿನ ಕಡೆಯವರೆಲ್ಲ ಇಸ್ತ್ರಿಯಿಲ್ಲದ ಬಟ್ಟೆಯಲ್ಲಿ ಬಂದಿದ್ದರು. ನಿಜಾರನ ಸೂಟು ಚೆನ್ನಾಗಿತ್ತು, ಕಣ್ಣು ಮಾತ್ರ ಫೋನಿನಲ್ಲಿತ್ತು. "ಬ್ಯಾಟರಿ ಏಳು ಪರ್ಸೆಂಟ್," ಎಂದು ಅಪ್ಪನ ಕಿವಿಯಲ್ಲಿ ಹೇಳಿದ್ದು ನಮಗೆಲ್ಲ ಕೇಳಿತು. ಅಪ್ಪ ಅವನ ಕಾಲು ತುಳಿದ.

ಅಬು ಹೈಸಮ್ ಅವತ್ತೊಂದು ದಿನ ಧಾರಾಳವಾಗಿ ತನ್ನ ಮನೆಗೆ ಹದಿನೈದು ಆಂಪಿಯರ್ ಕೊಟ್ಟುಕೊಂಡಿದ್ದ. ಬೀಗರ ಕಣ್ಣು ಕುಕ್ಕಬೇಕೆಂದು ಸಂದುಗೊಂದಿನಲ್ಲೆಲ್ಲ ದೀಪ, ಮೂಲೆ ಮೂಲೆಗೆ ಹೀಟರು. ಲಮೀಸಳ ಓವನ್ನಿಗೆ ಮಾತ್ರ ಅವತ್ತೂ ಅಪ್ಪಣೆ ಸಿಗಲಿಲ್ಲ. ತನ್ನ ನಿಕಾಹಿಗೆ ತಾನೇ ಸ್ಫೂಫ್ ಎಂಬ ಹಳದಿ ಕೇಕು ಮಾಡಬೇಕೆಂದು ಬೆಳಿಗ್ಗೆಯೇ ರವೆ, ಅರಿಶಿನ, ಸೋಂಪು ಬೆರೆಸಿ, ಹಾಲು ಸಕ್ಕರೆ ಬೇರೆ ಇಟ್ಟು, ತಟ್ಟೆಗೆ ಎಳ್ಳಿನ ಹಿಟ್ಟು ಸವರಿ ಕಾದಿದ್ದಳು. "ಅದನ್ನ ಹಚ್ಚಿದ್ರೆ ಎಲ್ಲಾ ಆರಿಹೋಗುತ್ತೆ, ಹಾಜಿ ಮುಂದೆ ನನ್ನ ಮರ್ಯಾದೆ ಏನಾಗಬೇಕು?" ಎಂದ ಅಪ್ಪ. ಅಂಗಡಿಯಿಂದ ಸಿಹಿ ಬಂತು. ಓವನ್ನಿನ ಮೇಲೆ ಪ್ಲಾಸ್ಟಿಕ್ ಹೂ ಹಾಗೇ ಇತ್ತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಪ್ರತಿ ಮನೆಯ ನಡುಮನೆಯಲ್ಲಿ ಒಂದು ಸಣ್ಣ ಕೆಂಪು ಬಲ್ಬು ಇರುತ್ತದೆ. ಅದು ಸರ್ಕಾರದ ತಂತಿಗೆ ಮಾತ್ರ ಸೇರಿದ್ದು. ಅದು ಹತ್ತಿತೆಂದರೆ ಸರ್ಕಾರದ ಕರೆಂಟು ಬಂತೆಂದು ಅರ್ಥ, ಅದಕ್ಕೆ ಐದು ಹತ್ತು ಆಂಪಿಯರಿನ ಲೆಕ್ಕವಿಲ್ಲ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ನಮ್ಮಲ್ಲಿ ಕೆಂಪು ಬಲ್ಬು ಹತ್ತಿದಾಗ ತೂರಿಕೊಳ್ಳಬೇಕು. ಉಣ್ಣುತ್ತಿದ್ದವರು ತಟ್ಟೆ ಬಿಟ್ಟು ಏಳುತ್ತಾರೆ, ಜಗಳವಾಡುತ್ತಿದ್ದವರು ಬೈಗುಳ ಅರ್ಧಕ್ಕೆ ಬಿಟ್ಟು ಓಡುತ್ತಾರೆ. ಒಗೆಯುವುದು, ನೀರು ಏರಿಸುವುದು, ಇಸ್ತ್ರಿ, ಎಲ್ಲ ಆ ಗಳಿಗೆಯಲ್ಲೇ ಆಗಬೇಕು. ಯಾರೂ ಅದನ್ನು ತಪ್ಪೆಂದುಕೊಳ್ಳುವುದಿಲ್ಲ.

ಶೇಖ್ ಮುನೀರ್ ಅಬು ಹೈಸಮನ ಬಲಗೈಯನ್ನೂ ನಿಜಾರನ ಬಲಗೈಯನ್ನೂ ಕೂಡಿಸಿ, ಮೇಲೆ ಬಿಳಿ ಕರವಸ್ತ್ರ ಹಾಸಿದರು. ಇಬ್ಬರು ಸಾಕ್ಷಿಗಳು ಗಂಟಲು ಸರಿಮಾಡಿಕೊಂಡರು. ಷರತ್ತನ್ನು ಓದಿ ಶೇಖ್ ಲಮೀಸಳ ಕಡೆ ತಿರುಗಿದರು.

"ಮಗಳೇ ಲಮೀಸ್, ಈ ಮಹರಿಗೆ, ಈ ಷರತ್ತಿಗೆ, ನಿಜಾರನನ್ನು ಗಂಡನಾಗಿ ಸ್ವೀಕರಿಸಲು ನಿನಗೆ ಒಪ್ಪಿಗೆಯಾ?"

ಲಮೀಸ್ ತಲೆ ಎತ್ತಿ ನಿಜಾರನನ್ನು ನೋಡಿದಳು. ಬಾಯಿ ತೆರೆದಳು. ಆ ತುಟಿಗಳಿಗೆ ಬಣ್ಣ ಹಚ್ಚಿದವಳು ನಾನು, ಅವು ಯಾವ ಮಾತಿಗೆ ಹೇಗೆ ಅರಳುತ್ತವೆಂದು ನನಗೆ ಗೊತ್ತು. ಅದು ಹೂಂ ಎನ್ನಲು ತೆರೆದ ಬಾಯಿ.

ಕೆಂಪು ಬಲ್ಬು ಹತ್ತಿತು. ಬೀದಿಯಿಂದ "ಬಂತು! ಬಂತು!" ಎಂದು ಕೂಗು ಎದ್ದಿತು.

"ಮೆಷಿನ್ ಬಂದ್ ಮಾಡಿ ಬಂದೆ ಶೇಖ್, ಸುಮ್ನೆ ಡೀಸೆಲ್ ಕುಡೀತಾ ಇರುತ್ತೆ ರಾಕ್ಷಸ!" ಎಂದು ಅಬು ಹೈಸಮ್ ಎದ್ದೇಬಿಟ್ಟ. "ಬ್ಯಾಟರಿ ಚಾರ್ಜಿಗೆ ಹಾಕ್ಬೇಕು, ಈಗ್ ಬಂದೆ!" ಎಂದು ನಿಜಾರ್ ಬಾಗಿಲಲ್ಲಿದ್ದ. "ಸ್ವಿಚ್ಚು ಎಡಕ್ಕೆ ತಿರುಗಿಸೋ, ಎಡಕ್ಕೆ!" ಎನ್ನುತ್ತ ಹಾಜಿ ಹಿಂದೆ ಓಡಿದ. ಉಮ್ಮು ಹೈಸಮ್ ಒಗೆಯುವ ಯಂತ್ರಕ್ಕೆ, ನಜಾಹ್ ತನ್ನ ಮನೆಯ ಪಂಪಿಗೆ. ಒಬ್ಬ ಸಾಕ್ಷಿ ಇಸ್ತ್ರಿಗೆ ಹೋದ. ಇನ್ನೊಬ್ಬ ಮುದುಕ ಏಳನೇ ಮಹಡಿಯವನು, "ಲಿಫ್ಟು ಓಡ್ತಿರೋವಾಗ್ಲೇ ಒಂದ್ಸಲ ಮನೆಗೆ ಹೋಗಿ ಬರ್ತೀನಿ" ಎಂದು ಹೋದವನು ಬಹಳ ಹೊತ್ತು ಬರಲಿಲ್ಲ. ಎರಡು ಕೈಗಳ ಮೇಲಿದ್ದ ಕರವಸ್ತ್ರ ಕೆಳಗೆ ಬಿದ್ದು ಮೇಜಿನ ಮೇಲೆ ಮುದುರಿಕೊಂಡಿತ್ತು.

ಸುಳ್ಳು ಹೇಳುವುದಿಲ್ಲ, ನನ್ನ ಸಲೂನಿನ ನೀರು ಕಾಯಿಸಲು ನಾನೂ ಅರ್ಧ ಎದ್ದಿದ್ದೆ. ಲಮೀಸ್ ನನ್ನ ತೋಳು ಹಿಡಿದುಕೊಂಡಿದ್ದಳು, ಹಾಗಾಗಿ ಉಳಿದೆ. ಕೋಣೆಯಲ್ಲಿ ನಾವಿಬ್ಬರು ಮತ್ತು ಶೇಖ್. ಅವರು ಒಂದು ಕ್ಷಣ ಕೂತಿದ್ದು, ಜೇಬಿನಿಂದ ಫೋನು ತೆಗೆದು, "ಚಾರ್ಜರ್ ಇದ್ಯಾ ತಾಯಿ, ಇದನ್ನೊಂದು ಹಾಕ್ತೀಯಾ?" ಎಂದು ನನ್ನ ಕೈಗೆ ಕೊಟ್ಟರು.

ಲಮೀಸ್ ಎದ್ದು ಓವನ್ನಿನ ಮೇಲಿನ ಹೂಕುಂಡವನ್ನು ನೆಲಕ್ಕಿಟ್ಟಳು, ಕಸೂತಿ ಬಟ್ಟೆ ಎಳೆದು ಹಾಕಿ ಸ್ವಿಚ್ಚು ಒತ್ತಿದಳು. ರೇಷ್ಮೆ ಉಡುಪಿನಲ್ಲೇ ಅಡುಗೆಮನೆಗೆ ಹೋಗಿ ಹಿಟ್ಟು ಕಲಸಿ ತಟ್ಟೆಗೆ ಸುರಿದು, ಮೇಲೆ ಪೈನ್ ಬೀಜ ಒಂದೊಂದಾಗಿ ಜೋಡಿಸಿದಳು.

"ಬಟ್ಟೆಗೆ ಅರಿಶಿನ ಹತ್ತುತ್ತೆ ಕಣೇ," ಎಂದೆ.

"ಹತ್ತಲಿ."

ತಟ್ಟೆ ಒಳಗಿಟ್ಟು, ಓವನ್ನಿನ ಮುಂದೆ ಕುರ್ಚಿ ಎಳೆದುಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಳು. ಮೆಲ್ಲಗೆ, "ಅವನು ಬೇಗ ಬರ್ತಾನೆ ಚಿಕ್ಕಮ್ಮ. ಸ್ವಿಚ್ಚು ತಿರುಗಿಸೋಕೆ ಎಷ್ಟೊತ್ತು? ಬಂದು ಒಂದ್ಮಾತು ತಪ್ಪಾಯ್ತು ಅಂದ್ರೆ ಸಾಕು, ಹೂಂ ಅಂತೀನಿ" ಎಂದಳು.  ನಿಜಾರನ ಮನೆ ಎಂದರೆ ಎರಡು ಕಟ್ಟಡ ಆಚೆ, ಅಷ್ಟೆ.

ಸ್ಫೂಫ್ ಉಬ್ಬಿತು. ಅರಿಶಿನ, ಸೋಂಪಿನ ಪರಿಮಳ ಮನೆ ತುಂಬಿತು. ಶೇಖ್ ಮೂಗರಳಿಸಿ, "ನಮ್ಮಮ್ಮ ಮಾಡ್ತಿದ್ಲು" ಎಂದು ಕಣ್ಣು ಮುಚ್ಚಿಕೊಂಡರು. ಅಬು ಹೈಸಮ್ ಮೊದಲು ಬಂದ, ಡೀಸೆಲ್ ಉಳಿಸಿದ ತೃಪ್ತಿಯಲ್ಲಿ. ತಾಯಂದಿರು ಬಂದರು, ಸಾಕ್ಷಿಗಳು ಬಂದರು. ಲಮೀಸ್ ತಟ್ಟೆ ಹೊರತೆಗೆದು ಮೇಜಿನ ಮೇಲಿಟ್ಟು, ಓವನ್ ಆರಿಸಿ ತನ್ನ ಜಾಗದಲ್ಲಿ ಕೂತ ಮೇಲೆ ಹಾಜಿಯೂ ನಿಜಾರನೂ ಬಂದರು. ಹುಡುಗ ಮಳೆಯಲ್ಲಿ ನೆಂದಿದ್ದ. ಮುಖ ಮಾತ್ರ ಅರಳಿತ್ತು.

"ಅಪ್ಪಾ, ಹತ್ತೊಂಬತ್ತು ಆಯ್ತು! ನಾನು ಪಕ್ಕದಲ್ಲೇ ನಿಂತು ನೋಡ್ದೆ. ಇನ್ನೊಂದು ಗಂಟೆ ಇದ್ಬಿಟ್ರೆ ನಲವತ್ತು ಮುಟ್ಟುತ್ತೆ!"

ಅವನು ಅಷ್ಟು ಹೊತ್ತು ಬ್ಯಾಟರಿಯ ಪಕ್ಕದಲ್ಲಿ ನಿಂತಿದ್ದ. ಲಮೀಸಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಮತ್ತೆ ಕೈ ಕೂಡಿಸಿದರು, ಮತ್ತೆ ಕರವಸ್ತ್ರ ಹಾಸಿದರು. ಶೇಖ್ ಮತ್ತೆ ಅದೇ ಪ್ರಶ್ನೆ ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಕೆಂಪು ಬಲ್ಬು ಆರಿತು, ಎಲ್ಲ ದೀಪವೂ ಆರಿದವು. ಜನರೇಟರನ್ನು ಅಬು ಹೈಸಮ್ ನಿಲ್ಲಿಸಿ ಬಂದಿದ್ದ. ಅವನು ಎದ್ದು ಓಡಲಿದ್ದ, ಆದರೆ ಶೇಖ್ "ಕೂತ್ಕೊಳ್ಳಿ!" ಎಂದು ಗದರಿದ್ದು ಕೇಳಿಸಿತು. ಬೀದಿಯೂ ಮನೆಯೂ ಗವ್ವೆನ್ನುತ್ತಿದ್ದವು.

ಆ ಕತ್ತಲಲ್ಲಿ ಒಂದೇ ಒಂದು ಬೆಳಕು ಹೊತ್ತಿತು. ನಿಜಾರ್ ಎಡಗೈಯಲ್ಲಿ ಫೋನು ತೆಗೆದಿದ್ದ. ಎಷ್ಟು ಪರ್ಸೆಂಟಿಗೆ ನಿಂತಿತೆಂದು ನೋಡುತ್ತಿದ್ದ. ಆ ಬೆಳಕಿನಲ್ಲಿ ಅವನ ಮುಖ ನಮಗೆಲ್ಲ ಚೆನ್ನಾಗಿ ಕಂಡಿತು. ಲಮೀಸಳಿಗೂ ಕಂಡಿತು.

"ಒಪ್ಪಿಗೆ ಇಲ್ಲ," ಎಂದಳು ಅವಳು.

"ಏನಂದೆ?" ಎಂದ ಅಪ್ಪ.

"ಇಲ್ಲ ಅಂದೆ ಅಪ್ಪಾ. ಆಗ್ಲೇ ಹೂಂ ಅನ್ನೋಕೆ ಬಾಯಿ ತೆಗೆದಿದ್ದೆ. ಕೇಳಿಸಿಕೊಳ್ಳೋಕೆ ಯಾರೂ ಇರ್ಲಿಲ್ಲ."

"ಲಮೀಸ್, ನಾನು ಓಡಿದ್ದು ನಿನ್ನ ಓವನ್ನಿಗೋಸ್ಕರಾನೇ!" ಎಂದ ನಿಜಾರ್. ಪಾಪ, ಅವನು ಸುಳ್ಳು ಹೇಳುವ ಹುಡುಗನಲ್ಲ.

"ಇರಬಹುದು ನಿಜಾರ್. ಹೋಗ್ತಾ ಒಂದ್ಸಲ ತಿರುಗಿ ನೋಡಬಹುದಿತ್ತು. ಬರ್ತಾ ಆದ್ರೂ ನೋಡಬಹುದಿತ್ತು."

ಆಮೇಲೆ ಕತ್ತಲಲ್ಲೇ ಗದ್ದಲ ಎದ್ದಿತು. "ನಿಮ್ಮ ದರಿದ್ರ ಬ್ಯಾಟರಿಯಿಂದ ನನ್ನ ಮಗಳ ಮದುವೆ ಮುರೀತು!" "ನಿಮ್ಮ ಒಂದು ಲೋಟ ಡೀಸೆಲ್ ಜಿಪುಣತನದಿಂದ ಮುರೀತು!" ಮಗಳು ಬೇಡವೆಂದದ್ದು ಜನರೇಟರನ್ನೋ ಸೋಲಾರನ್ನೋ ಎಂಬುದೇ ಅವರಿಬ್ಬರ ವಾದ. ಬೇಡವೆಂದದ್ದು ಮನುಷ್ಯರನ್ನು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಲಮೀಸ್ ತಡಕಾಡಿ ಚಾಕು ಹುಡುಕಿ ಸ್ಫೂಫ್ ಕತ್ತರಿಸಿ, ಕೈಗೆ ಸಿಕ್ಕಿದವರಿಗೆಲ್ಲ ಒಂದೊಂದು ತುಂಡು ಕೊಟ್ಟಳು. ಬೈಯುತ್ತಿದ್ದವರೂ ತಿಂದರು. ಶೇಖ್ ಎರಡು ತಿಂದರೆಂದು ನನ್ನ ಗುಮಾನಿ.

ಅವತ್ತು ಅವಳ ಕೂದಲಿನ ಪಿನ್ನುಗಳನ್ನು ನಾನೇ ಬಿಚ್ಚಿದೆ. ಸಲೂನಿನ ಕುರ್ಚಿಯಲ್ಲಿ ಕೂತು ಬಹಳ ಅತ್ತಳು. ಅವಳಿಗೆ ನಿಜಾರ್ ಇಷ್ಟವಿದ್ದ, ಅದನ್ನು ಯಾಕೆ ಮುಚ್ಚಿಡಬೇಕು. ನನಗೂ ಅಳು ಬಂತು, ಅತ್ತೆ.

ಓವನ್ ಈಗ ನನ್ನ ಸಲೂನಿನ ಹಿಂದಿನ ಕೋಣೆಯಲ್ಲಿದೆ. ತಾರಸಿಯ ಮೇಲೆ ಹಾಜಿಯ ಪ್ಯಾನೆಲ್, ಬಾಲ್ಕನಿಯಿಂದ ಅಬು ಹೈಸಮನ ಇನ್ನೊಂದು ತಂತಿ. ಇಬ್ಬರೂ ರಿಯಾಯಿತಿ ಕೊಡಲಿಲ್ಲ. ಆದರೂ ಕೇಕು ಒಳಗಿದ್ದಾಗ ಕೂದಲ ಯಂತ್ರ ಹಾಕುವಂತಿಲ್ಲ, ಹಾಗಾಗಿ ಮದುವಣಗಿತ್ತಿಯರು ಒದ್ದೆ ತಲೆಯಲ್ಲಿ ಕಾಯುತ್ತಾರೆ. ಒದ್ದೆ ತಲೆಯಿಂದ ಯಾರೂ ಸತ್ತಿಲ್ಲ. ಅಪ್ಪಂದಿರಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬಂದು, ಸ್ಫೂಫ್ ತಿನ್ನುತ್ತ, ಇದು ಇಷ್ಟು ಚೆನ್ನಾಗಿ ಬೆಂದಿರುವುದು ತನ್ನ ಕರೆಂಟಿನಿಂದಲೇ ಎಂದು ನನಗೆ ಹೇಳಿ ಹೋಗುತ್ತಾರೆ.

ಒಂದೇ ವಿಷಯದಲ್ಲಿ ಇಬ್ಬರದೂ ಒಮ್ಮತ. ತಪ್ಪೆಲ್ಲ ಸರ್ಕಾರದ ಕರೆಂಟಿನದು, ಅವತ್ತು ಆ ಹೊತ್ತಿಗೆ ಅದು ಬಾರದಿದ್ದರೆ ಮದುವೆ ಆಗಿಹೋಗುತ್ತಿತ್ತು. ಮೊನ್ನೆ ಅಬು ಹೈಸಮ್ ಬಾಗಿಲಲ್ಲಿ ನಿಂತು, ಬಾಯಿ ತುಂಬ ಕೇಕು ತುಂಬಿಕೊಂಡು, ಸರ್ಕಾರದ ಏಳೇಳು ತಲೆಮಾರಿಗೂ ಶಾಪ ಹಾಕುತ್ತಿದ್ದ. ಒಳಗಿನಿಂದ ಲಮೀಸ್ ಬಿಸಿ ತಟ್ಟೆ ಹಿಡಿದು ಹೊರಬಂದಳು.

"ಬೈಬೇಡಿ ಅಪ್ಪಾ," ಎಂದಳು. "ಹುಟ್ಟಿದಾಗಿಂದ ಅದು ಸರಿಯಾದ ಹೊತ್ತಿಗೆ ಬಂದಿದ್ದು ಅದೊಂದೇ ಸಲ."